ಮೊಬೈಲ್ ತರಬೇತಿಗೆ ಜೊತೆಗಾರರ ಚರ್ಚೆಯ ಬಲ

ಹೊಸ ಬೇಸಾಯ ಕ್ರಮಗಳನ್ನು ರೈತರಿಗೆ ತಲುಪಿಸಲು ಮೊಬೈಲ್ ಫೋನು ಈಗ ಒಂದು ಮುಖ್ಯ ಸಾಧನವಾಗಿದೆ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಹಳ್ಳಿಗಳಲ್ಲಿ ಸಭೆ, ಕ್ಷೇತ್ರೋತ್ಸವಗಳನ್ನು ನಡೆಸುವುದು ಕಷ್ಟವಾದಾಗ ಕೃಷಿ ವಿಶ್ವವಿದ್ಯಾನಿಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಆನ್‌ಲೈನ್ ತರಬೇತಿಯ ಕಡೆಗೆ ತಿರುಗಿದವು. ಆ ಕಷ್ಟಕಾಲ ಕಳೆದ ಮೇಲೂ ಈ ಪದ್ಧತಿ ಉಳಿದುಕೊಂಡಿದೆ. ಇದರ ಅನುಕೂಲಗಳು ಕಡಿಮೆಯೇನಲ್ಲ. ತಜ್ಞರು ಒಂದೇ ಸ್ಥಳದಲ್ಲಿ ಕುಳಿತು ಹತ್ತಾರು ಹಳ್ಳಿಗಳ ರೈತರೊಡನೆ ಮಾತನಾಡಬಹುದು. ರೈತನಿಗೆ ಬಸ್ಸಿನ ಖರ್ಚಿಲ್ಲ, ಒಂದು ದಿನದ ಕೆಲಸವೂ ಕೆಡುವುದಿಲ್ಲ.

ಆದರೆ ಇದರಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ತಜ್ಞರು ಒಂದು ಗಂಟೆ ಉಪನ್ಯಾಸ ಕೊಡುತ್ತಾರೆ, ಚಿತ್ರಗಳನ್ನು ತೋರಿಸುತ್ತಾರೆ, ಕೊನೆಯಲ್ಲಿ "ಯಾರಿಗಾದರೂ ಸಂಶಯಗಳಿವೆಯೇ?" ಎಂದು ಕೇಳುತ್ತಾರೆ. ಯಾರೂ ಮಾತನಾಡುವುದಿಲ್ಲ. ವಂದನಾರ್ಪಣೆಯೊಂದಿಗೆ ಕಾರ್ಯಕ್ರಮ ಮುಗಿಯುತ್ತದೆ. ಎಷ್ಟು ಮಂದಿ ಭಾಗವಹಿಸಿದರು ಎಂಬ ಲೆಕ್ಕ ಸಿಗುತ್ತದೆ, ಎಷ್ಟು ಮಂದಿಗೆ ವಿಷಯ ತಿಳಿಯಿತು ಎಂಬ ಲೆಕ್ಕ ಸಿಗುವುದಿಲ್ಲ. ಫೋನು ತೆರೆದಿದ್ದರೂ ಅದರ ಒಡೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರಬಹುದು.

ಅರ್ಧ ಕೇಳಿಸಿಕೊಂಡ ಅಥವಾ ತಪ್ಪಾಗಿ ತಿಳಿದುಕೊಂಡ ಸಲಹೆಗೆ ಬೆಲೆ ತೆರಬೇಕಾದವನು ರೈತನೇ. ಹೊತ್ತು ಮೀರಿ ಸಿಂಪಡಿಸಿದ ಔಷಧಿಯ ಹಣ ಹಿಂದಕ್ಕೆ ಬರುವುದಿಲ್ಲ. ಬಿತ್ತನೆಯ ಹದ ತಪ್ಪಿದರೆ ಆ ಹಂಗಾಮೇ ಹೋದಂತೆ. ಆದುದರಿಂದ ದೂರದಿಂದ ಕೊಡುವ ತರಬೇತಿ ಕೇಳುವವರ ಮನಸ್ಸಿಗೆ ಇಳಿಯುವಂತೆ ಮಾಡುವುದು ಹೇಗೆಂದು ವಿಚಾರ ಮಾಡುವುದು ಅಗತ್ಯ. ಇದಕ್ಕೆ ಪರೀಕ್ಷೆಗೆ ನಿಂತ ಒಂದು ಉಪಾಯವೆಂದರೆ ಜೊತೆಗಾರರ ಚರ್ಚೆ. ಅಂದರೆ, ಕಲಿಯುವವರ ಮುಂದೆ ಒಂದು ಒಳ್ಳೆಯ ಪ್ರಶ್ನೆಯನ್ನಿಟ್ಟು, ಅವರವರೇ ಕಾರಣ ಕೊಟ್ಟು ವಾದಿಸಿ ಉತ್ತರಕ್ಕೆ ಬರಲು ಬಿಡುವುದು.

ರೇಡಿಯೋ ಕಲಿಸಿದ ಪಾಠ

ಈ ಸಮಸ್ಯೆ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ರೇಡಿಯೋ ಹಳ್ಳಿಗೆ ಬಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಕೆನಡಾ ದೇಶದಲ್ಲಿ 1941ರಿಂದ 1965ರವರೆಗೆ ರೈತರಿಗಾಗಿ ರೇಡಿಯೋ ವೇದಿಕೆಗಳು ನಡೆದವು. ನೆರೆಹೊರೆಯ ರೈತ ಕುಟುಂಬಗಳು ಒಂದು ಮನೆಯಲ್ಲಿ ಸೇರಿ ಕಾರ್ಯಕ್ರಮ ಕೇಳಿ, ಅದರ ಮೇಲೆ ಚರ್ಚಿಸಿ, ತಮ್ಮ ತೀರ್ಮಾನಗಳನ್ನು ಬರೆದು ಕಳುಹಿಸುತ್ತಿದ್ದವು. ಓದು, ಕೇಳು, ಚರ್ಚಿಸು, ಕಾರ್ಯಕ್ಕಿಳಿ ಎಂಬುದು ಆ ವೇದಿಕೆಗಳ ಧ್ಯೇಯವಾಗಿತ್ತು.

ಇದೇ ಮಾದರಿಯನ್ನು 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯು ಪುಣೆಯ ಸುತ್ತಲಿನ ಪ್ರದೇಶದಲ್ಲಿ ಪ್ರಯೋಗಿಸಿತು. ಮರಾಠಿ ಮಾತನಾಡುವ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಗುಂಪುಗಳನ್ನು ರಚಿಸಲಾಯಿತು. ವಾರಕ್ಕೆ ಎರಡು ಬಾರಿಯಂತೆ ಹತ್ತು ವಾರಗಳಲ್ಲಿ ಅರ್ಧ ಗಂಟೆಯ 20 ಕಾರ್ಯಕ್ರಮಗಳು ಪ್ರಸಾರವಾದವು. ಪ್ರತಿ ಕಾರ್ಯಕ್ರಮದ ನಂತರ ಗುಂಪಿನಲ್ಲಿ ಚರ್ಚೆ ನಡೆಯುತ್ತಿತ್ತು. ಗುಂಪುಗಳು ಕಳುಹಿಸಿದ ಪ್ರಶ್ನೆಗಳಿಗೆ ಮುಂದಿನ ಪ್ರಸಾರಗಳಲ್ಲಿ ಉತ್ತರ ದೊರೆಯುತ್ತಿತ್ತು.

ಈ ಪ್ರಯೋಗದ ಫಲವನ್ನು ತಿಳಿಯಲು ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿ ನೋಡಲಾಯಿತು: ರೇಡಿಯೋ ಮತ್ತು ಚರ್ಚಾ ಗುಂಪು ಎರಡೂ ಇದ್ದವು, ರೇಡಿಯೋ ಮಾತ್ರ ಇದ್ದವು, ಎರಡೂ ಇಲ್ಲದವು. ಚರ್ಚಾ ಗುಂಪು ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತು. ರೇಡಿಯೋ ಮಾತ್ರ ಇದ್ದ ಹಳ್ಳಿಗಳಲ್ಲಿ ಹೆಚ್ಚಿದ್ದು ಬಹಳ ಕಡಿಮೆ. ಪೆಟ್ಟಿಗೆ ಒಂದೇ, ಅದರಿಂದ ಬಂದ ಮಾತೂ ಒಂದೇ. ವ್ಯತ್ಯಾಸ ತಂದದ್ದು ಪೆಟ್ಟಿಗೆಯ ಸುತ್ತ ನಡೆದ ಮಾತುಕತೆ.

ಇತ್ತೀಚಿನ ಕಾಲದಲ್ಲಿ ಬೆಂಗಳೂರಿನಲ್ಲಿಯೇ ಇಂಥ ಇನ್ನೊಂದು ಪ್ರಯತ್ನ ಆರಂಭವಾಯಿತು. ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 2006ರಲ್ಲಿ ಮೊದಲಾದ 'ಡಿಜಿಟಲ್ ಗ್ರೀನ್' ಯೋಜನೆಯಲ್ಲಿ ಸ್ಥಳೀಯ ರೈತರೇ ಬೇಸಾಯ ಕ್ರಮವನ್ನು ಮಾಡಿ ತೋರಿಸುವ ವಿಡಿಯೋಗಳನ್ನು ಹಳ್ಳಿಯ ಗುಂಪುಗಳಿಗೆ ತೋರಿಸಲಾಯಿತು. ಊರಿನವರೇ ಆದ ಒಬ್ಬ ಸಂಚಾಲಕರು ವಿಡಿಯೋವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಚರ್ಚೆ ನಡೆಸುತ್ತಿದ್ದರು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ವಾಡಿಕೆಯ ತರಬೇತಿ ಮತ್ತು ಭೇಟಿ ಪದ್ಧತಿಗೆ ಹೋಲಿಸಿದರೆ ಕೆಲವು ಬೇಸಾಯ ಕ್ರಮಗಳ ಅಳವಡಿಕೆ ಏಳು ಪಟ್ಟು ಹೆಚ್ಚಿತೆಂದು ಅದರ ವರದಿ ತಿಳಿಸುತ್ತದೆ.

ಕಾಲೇಜಿನ ತರಗತಿಯಲ್ಲಿ

ಕೇಳಿದ ಮಾತ್ರಕ್ಕೆ ತಿಳಿಯುವುದಿಲ್ಲ ಎಂಬ ಸಂಗತಿ ಹಳ್ಳಿಯ ರೈತರಿಗೆ ಮಾತ್ರ ಅನ್ವಯಿಸುವುದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ ಅವರ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಕಠಿಣವಾದ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಆದರೆ ಬಲ, ಚಲನೆಗಳ ಬಗ್ಗೆ ದಿನಬಳಕೆಯ ಮಾತಿನಲ್ಲಿ ಸರಳ ಪ್ರಶ್ನೆ ಕೇಳಿದಾಗ ಅವರಲ್ಲಿ ಅನೇಕರು ತಪ್ಪು ಉತ್ತರ ಕೊಟ್ಟರು. ಸೂತ್ರ ಬಾಯಿಪಾಠವಾಗಿತ್ತು, ವಿಷಯ ತಿಳಿದಿರಲಿಲ್ಲ.

1991ರಿಂದ ಅವರು ಬೋಧನಾ ಕ್ರಮವನ್ನು ಬದಲಾಯಿಸಿದರು. ಸ್ವಲ್ಪ ಹೊತ್ತು ಪಾಠ, ನಂತರ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ಯೋಚಿಸಿ ಉತ್ತರ ಸೂಚಿಸಬೇಕು. ಬಳಿಕ ಪಕ್ಕದವರೊಡನೆ ಚರ್ಚಿಸಿ ಎರಡನೆಯ ಸಲ ಉತ್ತರ ಸೂಚಿಸಬೇಕು. ಕೊನೆಯಲ್ಲಿ ಅಧ್ಯಾಪಕರ ವಿವರಣೆ. ಮೊದಲ ವರ್ಷದಲ್ಲಿಯೇ ವಿಷಯದ ತಿಳಿವಳಿಕೆಯಲ್ಲಿ ಆದ ಹೆಚ್ಚಳ ಹಿಂದಿನ ವರ್ಷದ ಸುಮಾರು ಎರಡರಷ್ಟಾಯಿತು.

ಇದರಲ್ಲಿ ಒಂದು ಸಂದೇಹಕ್ಕೆ ಅವಕಾಶವಿದೆ. ಚರ್ಚೆಯಲ್ಲಿ ಜಾಣನ ಉತ್ತರವನ್ನು ಉಳಿದವರು ನಕಲು ಮಾಡಿದರೆ? ಇದನ್ನು ಕೊಲರಾಡೊ ವಿಶ್ವವಿದ್ಯಾನಿಲಯದ ತಳಿಶಾಸ್ತ್ರದ ತರಗತಿಯಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಚರ್ಚೆಯ ನಂತರ ಅದೇ ತತ್ವದ ಮೇಲೆ ಬೇರೊಂದು ಪ್ರಶ್ನೆ ಕೊಟ್ಟು ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರಿಸಬೇಕೆಂದು ಸೂಚಿಸಲಾಗಿತ್ತು. ಸರಿ ಉತ್ತರಗಳ ಸಂಖ್ಯೆ ಹೆಚ್ಚಿತ್ತು. ಗುಂಪಿನಲ್ಲಿ ಯಾರೊಬ್ಬರಿಗೂ ಮೊದಲು ಸರಿ ಉತ್ತರ ಗೊತ್ತಿರದಿದ್ದರೂ ಚರ್ಚೆಯಿಂದ ಪ್ರಯೋಜನವಾಗಿತ್ತೆಂದು ಕಂಡುಬಂದಿತು.

ಇದಕ್ಕೆ ಕಾರಣಗಳಿವೆ. ಕಾರಣ ಕೊಡಬೇಕಾಗಿ ಬಂದಾಗ ಮನುಷ್ಯನು ತನ್ನ ತಿಳಿವಳಿಕೆಯ ತೂತುಗಳನ್ನು ತಾನೇ ಕಾಣುತ್ತಾನೆ. ಮೇಲಾಗಿ, ಈಗ ತಾನೇ ಅರ್ಥ ಮಾಡಿಕೊಂಡವನಿಗೆ ಎಲ್ಲಿ ಕಷ್ಟವಾಗಿತ್ತೆಂಬುದು ನೆನಪಿರುತ್ತದೆ. ವಿಷಯವನ್ನು ಎಂದೋ ಅರಗಿಸಿಕೊಂಡ ತಜ್ಞನಿಗೆ ಅದು ಮರೆತಿರುತ್ತದೆ. ರೈತರ ಗುಂಪಿನಲ್ಲಿ ಇನ್ನೊಂದು ಲಾಭವಿದೆ: ಪ್ರತಿಯೊಬ್ಬರ ಹತ್ತಿರವೂ ಸ್ವಂತ ಹೊಲದ ಅನುಭವವೆಂಬ ಸಾಕ್ಷ್ಯವಿರುತ್ತದೆ.

ತರಬೇತಿಗೆ ಕೂಡುವ ಕ್ರಮ

ಒಬ್ಬೊಬ್ಬರು ಒಂದೊಂದು ಫೋನು ಹಿಡಿದು ಬೇರೆಬೇರೆಯಾಗಿ ಕೂಡುವುದಕ್ಕಿಂತ ಐದಾರು ಮಂದಿ ಒಂದು ಫೋನಿನ ಸುತ್ತ ಕೂಡುವುದು ಉತ್ತಮ. ಹಾಲು ಉತ್ಪಾದಕರ ಸಂಘದ ಕಟ್ಟಡ, ಗ್ರಾಮ ಪಂಚಾಯಿತಿ ಗ್ರಂಥಾಲಯ ಅಥವಾ ಒಬ್ಬರ ಮನೆಯ ಜಗಲಿ ಸಾಕು. ಫೋನಿಗೆ ಒಂದು ಸಣ್ಣ ಸ್ಪೀಕರ್ ಜೋಡಿಸಿದರೆ ಎಲ್ಲರಿಗೂ ಕೇಳಿಸುತ್ತದೆ. ಇದರಿಂದ ಡೇಟಾ ಖರ್ಚು ಉಳಿಯುತ್ತದೆ. ನೆಟ್‌ವರ್ಕ್ ನಡುವೆ ಕಡಿದುಹೋದರೂ ಚರ್ಚೆ ನಿಲ್ಲುವುದಿಲ್ಲ.

ಪ್ರತಿ ಗುಂಪಿಗೆ ಒಬ್ಬ ಸಂಚಾಲಕರಿರಬೇಕು. ಅವರು ಪಾಠ ಹೇಳಬೇಕಾಗಿಲ್ಲ. ಚೀಟಿ ಹಂಚುವುದು, ಉತ್ತರ ಎಣಿಸಿ ತಿಳಿಸುವುದು, ಎಲ್ಲರಿಗೂ ಮಾತಿನ ಸರದಿ ಸಿಗುವಂತೆ ನೋಡಿಕೊಳ್ಳುವುದು, ಇಷ್ಟೇ ಅವರ ಕೆಲಸ.

ತರಬೇತಿಯನ್ನು ಕೆಳಗಿನಂತೆ ನಡೆಸಬಹುದು.

1. ತಜ್ಞರು ಒಂದೇ ವಿಷಯದ ಮೇಲೆ ಎಂಟು-ಹತ್ತು ನಿಮಿಷ ಮಾತನಾಡಬೇಕು.

2. ಪ್ರಶ್ನೆಯನ್ನು ಚಿತ್ರದೊಡನೆ ತೋರಿಸಿ ಎರಡು ಸಲ ಓದಬೇಕು. ಮೂರು ಅಥವಾ ನಾಲ್ಕು ಉತ್ತರಗಳಿಗೆ ಅ, ಆ, ಇ, ಈ ಎಂದು ಗುರುತು ಕೊಡಬೇಕು.

3. ಒಂದು ನಿಮಿಷ ಎಲ್ಲರೂ ಮೌನವಾಗಿ ಯೋಚಿಸಿ ತಮ್ಮ ಉತ್ತರವನ್ನು ಚೀಟಿಯಲ್ಲಿ ಬರೆಯಬೇಕು. ಬರೆಯಲು ಬಾರದವರು ಗುರುತು ಮಾಡಿದ ಲೋಟಗಳಲ್ಲಿ ಒಂದಕ್ಕೆ ಕಾಳು ಹಾಕಬಹುದು.

4. ಸಂಚಾಲಕರು ಎಣಿಕೆಯನ್ನು ತಜ್ಞರಿಗೆ ಕಳುಹಿಸಬೇಕು. ಸರಿ ಉತ್ತರ ನೂರಕ್ಕೆ 30ಕ್ಕಿಂತ ಕಡಿಮೆಯಿದ್ದರೆ ವಿಷಯವನ್ನು ಮತ್ತೊಮ್ಮೆ ವಿವರಿಸಬೇಕು. 70ಕ್ಕಿಂತ ಹೆಚ್ಚಿದ್ದರೆ ಚಿಕ್ಕ ವಿವರಣೆ ಕೊಟ್ಟು ಮುಂದೆ ಹೋಗಬಹುದು. ಇವೆರಡರ ನಡುವೆ ಇದ್ದರೆ ಚರ್ಚೆಗೆ ತಕ್ಕ ಹದ ಬಂದಿದೆಯೆಂದು ತಿಳಿಯಬೇಕು. ಈ ಹಂತದಲ್ಲಿ ಸರಿ ಉತ್ತರವನ್ನು ಹೇಳಬಾರದು.

5. ನಾಲ್ಕೈದು ನಿಮಿಷ ಗುಂಪಿನಲ್ಲಿ ಚರ್ಚೆ ನಡೆಯಬೇಕು. ಪ್ರತಿಯೊಬ್ಬರೂ ಉತ್ತರದೊಡನೆ ಕಾರಣವನ್ನೂ ಹೇಳಬೇಕು. ಈ ಹೊತ್ತಿನಲ್ಲಿ ತಜ್ಞರ ಮೈಕು ಬಂದ್ ಆಗಿರಬೇಕು.

6. ಎರಡನೆಯ ಸಲ ಚೀಟಿ ಹಾಕಿಸಿ ಎಣಿಸಬೇಕು.

7. ಕೊನೆಯಲ್ಲಿ ತಜ್ಞರು ಸರಿ ಉತ್ತರವನ್ನು ಕಾರಣಸಹಿತ ವಿವರಿಸಬೇಕು. ತಪ್ಪು ಉತ್ತರಗಳು ಏಕೆ ಸರಿಯೆಂದು ತೋರುತ್ತವೆ ಎಂಬುದನ್ನೂ ಹೇಳಬೇಕು.

ಒಂದು ಗಂಟೆಯಲ್ಲಿ ಇಂಥ ಎರಡು ಅಥವಾ ಮೂರು ಪ್ರಶ್ನೆಗಳನ್ನು ಮಾತ್ರ ತೆಗೆದುಕೊಳ್ಳಲು ಸಾಧ್ಯ. ಹತ್ತು ವಿಷಯ ಹೇಳಿ ಒಂದೂ ಉಳಿಯದಿರುವುದಕ್ಕಿಂತ ಎರಡು ವಿಷಯ ಹೇಳಿ ಎರಡೂ ಉಳಿಯುವುದು ಮೇಲು. ರೈತರು ಬೇರೆಬೇರೆ ಊರುಗಳಿಂದ ಒಂಟಿಯಾಗಿ ಸೇರಿದ್ದರೆ ಜೂಮ್‌ನಂಥ ಆ್ಯಪ್‌ಗಳಲ್ಲಿ ನಾಲ್ಕೈದು ಮಂದಿಯ ಚಿಕ್ಕ ಕೋಣೆಗಳನ್ನು ಮಾಡಿಕೊಡುವ ಸೌಲಭ್ಯವನ್ನು ಚರ್ಚೆಗೆ ಬಳಸಬಹುದು.

ಪ್ರಶ್ನೆ ಹೇಗಿರಬೇಕು?

ಈ ವಿಧಾನದ ಜೀವಾಳವೇ ಪ್ರಶ್ನೆ. "ಎಕರೆಗೆ ಎಷ್ಟು ಕಿಲೋ ಬೀಜ ಬೇಕು?" ಎಂಬುದು ಚರ್ಚೆಗೆ ತಕ್ಕ ಪ್ರಶ್ನೆಯಲ್ಲ. ಅದು ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ವಾದಿಸಲು ಅದರಲ್ಲಿ ಏನೂ ಇಲ್ಲ. ಒಳ್ಳೆಯ ಪ್ರಶ್ನೆ ಹೊಲದ ಒಂದು ಸನ್ನಿವೇಶವನ್ನು ಮುಂದಿಟ್ಟು "ಏಕೆ?" ಎಂಬ ವಿಚಾರಕ್ಕೆ ಹಚ್ಚುತ್ತದೆ. ಅದರ ತಪ್ಪು ಉತ್ತರಗಳು ರೈತರು ನಿಜವಾಗಿ ನಂಬಿರುವ ಮಾತುಗಳೇ ಆಗಿರಬೇಕು. ಅವನ್ನು ಸಂಗ್ರಹಿಸಲು ವಿಸ್ತರಣಾ ಕಾರ್ಯಕರ್ತರು ಗೊಬ್ಬರದ ಅಂಗಡಿಯ ಮುಂದೆ, ಚಹಾದಂಗಡಿಯಲ್ಲಿ ನಡೆಯುವ ಮಾತಿಗೆ ಕಿವಿಗೊಡಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಮೆಕ್ಕೆಜೋಳಕ್ಕೆ ತಗಲುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ. ಇದರ ಬಗ್ಗೆ ಕೇಳಬಹುದಾದ ಪ್ರಶ್ನೆ:

"ಸೈನಿಕ ಹುಳುವಿಗೆ ಯಾವ ಹಂತದಲ್ಲಿ ಔಷಧಿ ಸಿಂಪಡಿಸಿದರೆ ಹೆಚ್ಚು ಫಲ? (ಅ) ಎಲೆಯ ಮೇಲೆ ಕೆರೆದಂತೆ ಬಿಳಿ ಗುರುತುಗಳು ಕಂಡಾಗ (ಆ) ಎಲೆಯಲ್ಲಿ ದೊಡ್ಡ ತೂತು ಬಿದ್ದು ಸುಳಿಯಲ್ಲಿ ಹಿಕ್ಕೆ ತುಂಬಿದಾಗ (ಇ) ಯಾವಾಗಲಾದರೂ ಸರಿ, ಪ್ರಮಾಣ ಇಮ್ಮಡಿ ಮಾಡಿದರೆ ಸಾಕು."

ಒಂದು ಗುಂಪಿನಲ್ಲಿ ಇದರ ಮೇಲೆ ಚರ್ಚೆ ಹೀಗೆ ನಡೆಯಬಹುದು:

"ತೂತು ಬಿದ್ದ ಮೇಲೆ ತಾನೇ ಹುಳ ಇದೆ ಅಂತ ಗೊತ್ತಾಗೋದು? ಅದಕ್ಕೆ ಮುಂಚೆ ಹೊಡೆದರೆ ದುಡ್ಡು ದಂಡ ಅಲ್ವೇನಣ್ಣ?"

"ಹೋದ ವರ್ಷ ಸುಳಿ ಬಿಚ್ಚಿ ನೋಡಿದಾಗ ಹುಳ ಎಲ್ಲಿತ್ತಪ್ಪ?"

"ಹಿಕ್ಕೆ ಕೆಳಗೆ, ಒಳಗಡೆ ಕೂತಿತ್ತು."

"ಹಂಗಾದರೆ ಮೇಲಿಂದ ಹೊಡೆದ ಔಷಧಿ ಅದಕ್ಕೆ ತಾಗೋದು ಹೆಂಗೆ? ಎರಡು ಪಾಲು ಹಾಕಿದರೂ ಹಿಕ್ಕೆ ಮೇಲೇ ತಾನೇ ನಿಲ್ಲೋದು?"

ಇಲ್ಲಿ ಎರಡನೆಯವರು ಉತ್ತರವನ್ನು ಹೇಳಿಕೊಡಲಿಲ್ಲ. ಮೊದಲನೆಯವರು ತಮ್ಮ ಕಣ್ಣಿನಿಂದಲೇ ಕಂಡಿದ್ದನ್ನು ಅವರಿಗೆ ನೆನಪಿಸಿದರು. ಸರಿ ಉತ್ತರ 'ಅ'. ಮರಿಹುಳುಗಳು ಎಲೆಯ ಹಸಿರನ್ನು ಕೆರೆದು ತಿನ್ನುವ ಹಂತದಲ್ಲಿ ಚಿಕ್ಕವಾಗಿದ್ದು ಔಷಧಿಗೆ ಬೇಗ ಸಿಗುತ್ತವೆ. ಬೆಳೆದ ಹುಳುಗಳು ಸುಳಿಯೊಳಗೆ ಅಡಗಿರುವುದರಿಂದ ಅವನ್ನು ಹತೋಟಿ ಮಾಡುವುದು ಕಷ್ಟ. ಸಿಂಪರಣೆ ಮಾಡುವಾಗ ದ್ರಾವಣವು ಸುಳಿಗೆ ಬೀಳುವಂತೆ, ಬೆಳಿಗ್ಗೆ ಅಥವಾ ಸಂಜೆಯ ವೇಳೆ ಮಾಡಬೇಕು ಎಂಬುದನ್ನು ತಜ್ಞರು ಈಗ ಹೇಳಿದರೆ ಅದು ಮರೆಯುವುದಿಲ್ಲ. ಏಕೆಂದರೆ ಅದರ ಕಾರಣ ಕೇಳುಗರಿಗೆ ಆಗಲೇ ತಿಳಿದಿರುತ್ತದೆ.

ಕಾಲುವೆ ನೀರಾವರಿ ಪ್ರದೇಶಕ್ಕೆ ಇನ್ನೊಂದು ಪ್ರಶ್ನೆ: "ಹೊಲದಲ್ಲಿ ನೀರು ನಿಂತು ಮೇಲೆ ಬಿಳಿಯ ಉಪ್ಪು ಕಟ್ಟಿದೆ. ಮಣ್ಣು ಪರೀಕ್ಷೆಯಲ್ಲಿ ಲವಣಾಂಶ ಬಹಳ ಹೆಚ್ಚು, ಸೋಡಿಯಂ ಮಿತಿಯಲ್ಲಿದೆ, ರಸಸಾರ 8. ಮೊದಲು ಏನು ಮಾಡಬೇಕು? (ಅ) ಜಿಪ್ಸಂ ಹಾಕಬೇಕು (ಆ) ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಬೇಕು (ಇ) ರಾಸಾಯನಿಕ ಗೊಬ್ಬರ ಹೆಚ್ಚಿಸಬೇಕು." ಅನೇಕರು ಜಿಪ್ಸಂ ಎನ್ನುತ್ತಾರೆ. ಆದರೆ ಜಿಪ್ಸಂ ಬೇಕಾಗುವುದು ಸೋಡಿಯಂ ಹೆಚ್ಚಿ ರಸಸಾರ 8.5ನ್ನು ಮೀರಿದ ಕ್ಷಾರ ಮಣ್ಣಿಗೆ. ಬರಿಯ ಲವಣ ತುಂಬಿದ ಸವಳು ಮಣ್ಣಿಗೆ ಬೇಕಾದದ್ದು ಉಪ್ಪು ಹೊರಹೋಗಲು ದಾರಿ. ಆದುದರಿಂದ ಉತ್ತರ 'ಆ'. ಈ ವ್ಯತ್ಯಾಸ ತಿಳಿಯದೆ ಜಿಪ್ಸಂ ತಂದು ಹರಡಿದರೆ ಹಣವೂ ಶ್ರಮವೂ ವ್ಯರ್ಥ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ

ಎಲ್ಲರೂ ಒಂದೇ ಹೊತ್ತಿಗೆ ಬಿಡುವಾಗುವುದು ಸುಗ್ಗಿಯ ಕಾಲದಲ್ಲಿ ಸಾಧ್ಯವಿಲ್ಲ. ಆಗ ಇದೇ ಕ್ರಮವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನಗಳಿಗೆ ಹರಡಿ ನಡೆಸಬಹುದು. ಮೊದಲ ದಿನ ಬೆಳಿಗ್ಗೆ ಚಿತ್ರ ಮತ್ತು ಪ್ರಶ್ನೆ, ಮಧ್ಯಾಹ್ನದೊಳಗೆ ಮೊದಲ ಉತ್ತರ, ಸಂಜೆಯಿಂದ ಧ್ವನಿ ಸಂದೇಶಗಳ ಮೂಲಕ ಚರ್ಚೆ, ಮರುದಿನ ಬೆಳಿಗ್ಗೆ ಎರಡನೆಯ ಉತ್ತರ, ನಂತರ ತಜ್ಞರ ವಿವರಣೆ.

ಇದರಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಮೊದಲ ಉತ್ತರವನ್ನು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಸಬಾರದು. ಊರಿನ ಪ್ರಗತಿಪರ ರೈತರೊಬ್ಬರು 'ಆ' ಎಂದು ಹಾಕಿದೊಡನೆ ಉಳಿದವರೂ 'ಆ' ಎಂದೇ ಹಾಕುವುದುಂಟು. ಆದ್ದರಿಂದ ಮೊದಲ ಉತ್ತರವನ್ನು ಸಂಚಾಲಕರಿಗೆ ಮಾತ್ರ ತಲುಪುವಂತೆ ಕಳುಹಿಸಲು ಹೇಳಬೇಕು. ಸಂಚಾಲಕರು ಹೆಸರುಗಳನ್ನು ಹೇಳದೆ ಎಣಿಕೆಯನ್ನಷ್ಟೇ ಪ್ರಕಟಿಸಬೇಕು.

ವಹಿಸಬೇಕಾದ ಎಚ್ಚರಿಕೆಗಳು

ಚರ್ಚೆಯಿಂದ ತಿಳಿವಳಿಕೆ ಹರಡುವಂತೆ ತಪ್ಪೂ ಹರಡಬಹುದು. ದೊಡ್ಡ ದನಿಯವರ ಮಾತೇ ಸರಿಯೆಂದು ಗುಂಪು ಒಪ್ಪಿಬಿಡಬಹುದು. ಎರಡನೆಯ ಎಣಿಕೆಯಲ್ಲಿ ತಪ್ಪು ಉತ್ತರವೇ ಹೆಚ್ಚಾದರೆ ತಜ್ಞರು ಅದನ್ನು ಮುಚ್ಚಿಡದೆ, ಆ ವಿಚಾರ ಎಲ್ಲಿ ದಾರಿ ತಪ್ಪಿತೆಂದು ಬಿಡಿಸಿ ತೋರಿಸಬೇಕು. ತಜ್ಞರ ಕೊನೆಯ ವಿವರಣೆಯಿಲ್ಲದೆ ಯಾವ ಚರ್ಚೆಯನ್ನೂ ಮುಗಿಸಬಾರದು. ಔಷಧಿಯ ಹೆಸರು, ಪ್ರಮಾಣ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳು ಇಂಥವು ಚರ್ಚೆಯಿಂದ ತೀರ್ಮಾನವಾಗುವ ವಿಷಯಗಳಲ್ಲ. ಅವನ್ನು ಶಿಫಾರಸಿನಂತೆ ಬರೆದೇ ಕೊಡಬೇಕು.

ತಪ್ಪು ಉತ್ತರ ಕೊಟ್ಟವರನ್ನು ಯಾರೂ ನಗೆಪಾಟಲು ಮಾಡಬಾರದು. ಒಂದು ಸಲ ಅವಮಾನವಾದರೆ ಆ ರೈತ ಮತ್ತೆ ಬಾಯಿ ತೆರೆಯುವುದಿಲ್ಲ, ಮುಂದಿನ ತರಬೇತಿಗೆ ಬರುವುದೂ ಇಲ್ಲ.

ಮಹಿಳೆಯರ ವಿಷಯದಲ್ಲಿ ವಿಶೇಷ ಗಮನ ಬೇಕು. ಕಳೆ, ಬೀಜ ಸಂಗ್ರಹ, ಹೈನುಗಾರಿಕೆಯ ಕೆಲಸಗಳಲ್ಲಿ ಅವರ ಪಾಲು ಹೆಚ್ಚು. ಆದರೆ ಅನೇಕ ಮನೆಗಳಲ್ಲಿ ಫೋನು ಗಂಡಸರ ಜೇಬಿನಲ್ಲಿರುತ್ತದೆ, ಹಿರಿಯ ಗಂಡಸರ ಎದುರು ಮಹಿಳೆಯರು ಮಾತನಾಡಲು ಹಿಂಜರಿಯುತ್ತಾರೆ. ಸ್ತ್ರೀಶಕ್ತಿ ಸಂಘಗಳ ಸಭೆಯ ದಿನವೇ ಅವರಿಗೆ ಪ್ರತ್ಯೇಕ ಗುಂಪು ಕೂಡಿಸುವುದು ಒಳ್ಳೆಯದು.

ಫಲವನ್ನು ಅಳೆಯುವುದು

ಎರಡು ಎಣಿಕೆಗಳು ವಿಸ್ತರಣಾ ಕಾರ್ಯಕರ್ತರಿಗೆ ಒಂದು ಅಳತೆಗೋಲನ್ನು ಒದಗಿಸುತ್ತವೆ. ಉದಾಹರಣೆಗೆ, 40 ಮಂದಿಯಲ್ಲಿ ಮೊದಲು 16 ಮಂದಿ, ಚರ್ಚೆಯ ನಂತರ 31 ಮಂದಿ ಸರಿ ಉತ್ತರ ಕೊಟ್ಟರೆಂದರೆ ತರಬೇತಿಯಲ್ಲಿ ಏನಾಯಿತೆಂಬುದು ಅಂದೇ ತಿಳಿಯುತ್ತದೆ. ಉಳಿದ 9 ಮಂದಿಯನ್ನು ಮುಂದಿನ ಭೇಟಿಯಲ್ಲಿ ಕಾಣಬೇಕೆಂಬುದೂ ತಿಳಿಯುತ್ತದೆ. ಹಾಜರಿ ಪುಸ್ತಕದಲ್ಲಿ '40' ಎಂದಷ್ಟೇ ಬರೆದರೆ ಇವೆರಡೂ ತಿಳಿಯುವುದಿಲ್ಲ.

ಆದರೆ ಚೀಟಿಯಲ್ಲಿ ಸರಿ ಉತ್ತರ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹತ್ತು-ಹದಿನೈದು ದಿನಗಳ ನಂತರ ಅದೇ ತತ್ವದ ಮೇಲೆ ಬೇರೊಂದು ಪ್ರಶ್ನೆ ಕೇಳಿ, ತಿಳಿದದ್ದು ಉಳಿದಿದೆಯೇ ಎಂದು ನೋಡಬೇಕು. ಹೊಲದಲ್ಲಿ ಯಾರು ಯಾವ ಕ್ರಮವನ್ನು ಅನುಸರಿಸಿದರು ಎಂಬುದನ್ನು ಗುಂಪಿನವರೇ ಒಬ್ಬರ ಹೊಲಕ್ಕೊಬ್ಬರು ಹೋಗಿ ನೋಡಿ ಬರುವುದು ಇನ್ನೂ ಒಳ್ಳೆಯದು. ಬದುವಿನ ಮೇಲೆ ನಿಂತು ಆಡುವ ಮಾತು ಆ ಚರ್ಚೆಯ ಮುಂದುವರಿದ ಭಾಗವೇ ಆಗಿರುತ್ತದೆ.

ರೈತರಿಗೆ ಚರ್ಚೆ ಹೊಸದಲ್ಲ. ಅರಳಿಕಟ್ಟೆಯ ಮೇಲೆ, ಸಂತೆಯಲ್ಲಿ, ಹಾಲಿನ ಡೈರಿಯ ಮುಂದೆ ಮಳೆ-ಬೆಳೆಯ ಮಾತು ದಿನವೂ ನಡೆಯುತ್ತದೆ. ಆ ಮಾತಿಗೆ ಒಂದು ಒಳ್ಳೆಯ ಪ್ರಶ್ನೆ, ಒಂದು ಕ್ರಮ ಮತ್ತು ಕೊನೆಯಲ್ಲಿ ತಜ್ಞರ ವಿವರಣೆ ಸೇರಿದರೆ ಸಾಕು, ಮೊಬೈಲ್ ತರಬೇತಿಯ ಫಲ ಹೆಚ್ಚುತ್ತದೆ. ಮುಂದಿನ ತರಬೇತಿಯನ್ನು ಏರ್ಪಡಿಸುವ ಕಾರ್ಯಕರ್ತರು ಒಂದೇ ಒಂದು ಪ್ರಶ್ನೆಯನ್ನು ಸಿದ್ಧಮಾಡಿಕೊಂಡು, ಹತ್ತು ನಿಮಿಷಗಳನ್ನು ರೈತರ ಮಾತಿಗೆ ಬಿಟ್ಟುಕೊಟ್ಟು ನೋಡುವುದು ಲೇಸು. ರೈತರೂ ಒಂಟಿಯಾಗಿ ಫೋನು ಹಿಡಿದು ಕೂಡುವ ಬದಲು ನೆರೆಯ ನಾಲ್ವರನ್ನು ಕರೆದು ಜೊತೆಗೆ ಕುಳಿತು ಕೇಳಿದರೆ ಅದರ ಪ್ರಯೋಜನವನ್ನು ಆ ಹಂಗಾಮಿನಲ್ಲಿಯೇ ಪಡೆಯಬಹುದು.